ಲಿಮಿಟ್‌ನಾಗ

ಫೆಬ್ರುವರಿ ದಾಟಿದ ಮೇಲೆ ತಿಕೋಟಾದಿಂದ ಬಬಲೇಶ್ವರದ ಕಡೆ ಹೊರಟರೆ, ಹೊಲಗಳಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳದೇ ಕಾರುಬಾರು. ಅಟ್ಟದ ಮೇಲೆ ಅಟ್ಟ, ಅದರ ಮೇಲೆ ಬಲೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಹರವಿದರೆ ಸುಮಾರು ಎರಡು ವಾರಕ್ಕೆ ಒಂದು ಕಿಲೋ ಮಣೂಕ. ಅದನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ತಿನ್ನಿಸಿದರೆ ಮಕ್ಕಳ ಬುದ್ಧಿ ಚುರುಕಾಗುತ್ತದೆಂಬುದು ಅಜ್ಜಿಯರ ನಂಬಿಕೆ. ನಾನೂ ಸಾಕಷ್ಟು ತಿಂದವನೇ. ನನ್ನ ಗಣಿತದ ಮಾರ್ಕ್ಸ್ ಕಂಡವರು ಮಾತ್ರ ಆ ನಂಬಿಕೆಯ ತಂಟೆಗೆ ಹೋಗುವುದಿಲ್ಲ. ಅದೇ ಹಣ್ಣನ್ನು ಹುಳಿಸಿ ಕುಡಿದರೂ ತಲೆಗೆ ಒಳ್ಳೆಯದೆನ್ನುವ ಮೊಮ್ಮಕ್ಕಳು ಈಗ ವಿಜಯಪುರದ ತುಂಬ ಇದ್ದಾರೆ.

"ಲಿಮಿಟ್‌ನಾಗ ತಗೊಂಡ್ರ ಔಷಧ ಇದ್ದಂಗ್ರೀ," ಎನ್ನುತ್ತಾನೆ ಗೆಳೆಯ. ಅವನ ವಾದಕ್ಕೂ ಒಂದು ವಂಶಾವಳಿ ಇದೆ. ಬೆಣ್ಣೆ, ಚೀಸು ತಿಂದೂ ಫ್ರೆಂಚರ ಹೃದಯ ಗಟ್ಟಿಯಾಗಿರುವುದು ಕೆಂಪು ವೈನಿನಿಂದ ಎಂದು 1991ರಲ್ಲಿ ಅಮೆರಿಕದ ಟೀವಿಯೊಂದು ಹೇಳಿದ್ದೇ ತಡ, ಜಗತ್ತಿನ ಕುಡುಕರೆಲ್ಲ ಹೃದಯತಜ್ಞರಾದರು. ಆಮೇಲೆ ಲೆಕ್ಕ ತೆಗೆದವರಿಗೆ ಒಂದು ಎಡವಟ್ಟು ಕಂಡಿತು. ಹಳೆಯ ಎಷ್ಟೋ ಅಧ್ಯಯನಗಳಲ್ಲಿ 'ಕುಡಿಯದವರ' ಸಾಲಿನಲ್ಲಿ, ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ ಕೂರಿಸಿದ್ದರು. ಅವರ ಪಕ್ಕ ನಿಂತರೆ ಯಾರೂ ಪೈಲ್ವಾನರೇ.

ಮಿದುಳಿನ ಸುದ್ದಿ ಬಂದದ್ದು 2017ರಲ್ಲಿ. ಬ್ರಿಟನ್ನಿನಲ್ಲಿ 550 ಜನರ ಕುಡಿತದ ಲೆಕ್ಕವನ್ನು ಮೂವತ್ತು ವರ್ಷ ಬರೆದಿಟ್ಟು, ಕೊನೆಗೆ ಅವರ ತಲೆಯ ಸ್ಕ್ಯಾನ್ ತೆಗೆದರು. ನೆನಪುಗಳನ್ನು ಗಟ್ಟಿ ಮಾಡುವ ಹಿಪೊಕ್ಯಾಂಪಸ್ ಎಂಬ ಭಾಗ, ವಾರಕ್ಕೆ ಆರರಿಂದ ಒಂಬತ್ತು ಗ್ಲಾಸ್ ವೈನಿನಷ್ಟು ಕುಡಿಯುತ್ತಿದ್ದ ಮಧ್ಯಮ ಮಾರ್ಗಿಗಳಲ್ಲೂ ಸೊರಗಿರುವ ಸಾಧ್ಯತೆ, ಕುಡಿಯದವರಿಗಿಂತ ಸುಮಾರು ಮೂರು ಪಟ್ಟು. ಅದಕ್ಕಿಂತ ಕಡಿಮೆ ಕುಡಿದವರಿಗೂ ಲಾಭವೇನೂ ಸಿಗಲಿಲ್ಲ. ಕುಡಿತವೇ ಕಾರಣವೆಂದು ಇಂಥ ಒಂದು ಅಧ್ಯಯನದಿಂದ ಸಾಬೀತಾಗದು, ನಿಜ. ಕೇಳಿಸಿದ ಪದಗಳನ್ನು ನೆನಪಿಟ್ಟು ಹೇಳುವ ಪರೀಕ್ಷೆಯಲ್ಲಿ ಕುಡಿದವರೇನೂ ಹಿಂದೆ ಬೀಳಲಿಲ್ಲ ಕೂಡ. ಒಂದೇ ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಪಟಪಟ ಹೇಳುವ ಶಕ್ತಿ ಮಾತ್ರ, ಹೆಚ್ಚು ಕುಡಿದವರಲ್ಲಿ ವರ್ಷ ಕಳೆದಂತೆ ಬೇಗ ಇಳಿದಿತ್ತು.

ಗೆಳೆಯನಿಗೆ 'ದ' ಕೊಟ್ಟು ನೋಡಿದೆ. ದನ, ದಾರಿ, ದುಡ್ಡು, ದವಾಖಾನೆ, ದ್ರಾಕ್ಷಿ... ಅಲ್ಲಿಗೆ ನಿಂತು, "ಇದು ಪ್ರಾಯಮರಿ ಸಾಲಿ ಆಟ ಆತಲ್ಲೋ," ಎಂದು ಗ್ಲಾಸು ತುಂಬಿಸಿಕೊಂಡ. ಇದರಿಂದ ಏನೂ ಸಾಬೀತಾಗುವುದಿಲ್ಲ. ಅವನು ಶಾಲೆಯಲ್ಲೂ ಹಾಗೇ ಇದ್ದ.

ನನ್ನ ತಕರಾರು ಲಿಮಿಟ್ಟಿನ ಮೇಲೆಯೇ. ಸಾಕು ಎನ್ನಬೇಕಾದ್ದು ಹಣೆಯ ಹಿಂದಿನ ಮಿದುಳು. ಒಳಗೆ ಹೋದದ್ದು ಮೊದಲು ಸಡಿಲಿಸುವುದರಲ್ಲಿ ಅದೂ ಒಂದು. ಬಾವಿ ಕಾಯಲು ಕೂತವನೇ ಮೊದಲು ಬಾವಿಗೆ ಬಿದ್ದಂತೆ. ಇನ್ನು ನಿದ್ದೆ: ಕುಡಿದರೆ ಬೇಗ ಹತ್ತುತ್ತದೆ, ನಡುರಾತ್ರಿಯ ಮೇಲೆ ಚೂರುಚೂರಾಗುತ್ತದೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯೂರುವುದು ಆ ನಿದ್ದೆಯಲ್ಲೇ.

ನಮ್ಮ ಕಡೆ ವೈನಿನ ಮಾತು ಬಂದರೆ ತೊರವಿಯ ಹೆಸರು ಬಂದೇ ಬರುತ್ತದೆ. 2007ರಲ್ಲಿ ಸರ್ಕಾರ ವೈನ್ ನೀತಿ ತಂದ ಮೇಲೆ ವೈನ್ ಪಾರ್ಕ್ ಆಗುತ್ತದೆಂದು ಹೇಳುತ್ತ ಬಂದದ್ದು ಅಲ್ಲಿಯೇ. ಕುಮಾರ ವಾಲ್ಮೀಕಿ ರಾಮಾಯಣ ಬರೆದ ಊರು. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಕಟ್ಟಿಸಲು ಹೊರಟದ್ದೂ ಅಲ್ಲೇ. ಅವನ ಆಸ್ಥಾನದ ಫಾರ್ಸಿ ಕವಿ ಜುಹೂರಿ, ಮದಿರೆ ಸುರಿಯುವ ಸಾಕಿಯನ್ನು ಕರೆದು ಹಾಡುವ 'ಸಾಕಿನಾಮೆ' ಬರೆದು ಹೆಸರಾದವನು. ಕಾವ್ಯದ ಸಾಕಿಗೆ ಪೆಗ್ಗಿನ ಲೆಕ್ಕ ಕೇಳುವವರಿಲ್ಲ, ಅದೊಂದು ಸುಖ.

ಬಬಲೇಶ್ವರದ ಕಡೆಯ ರೈತನೊಬ್ಬ ಮಣೂಕದ ಹಂಗಾಮಿನಲ್ಲಿ ಗ್ಲಾಸು ಮುಟ್ಟುವುದೇ ಇಲ್ಲವಂತೆ. ಅಕಾಲ ಮಳೆ ಹೊಡೆದರೆ ಮಾಲು ಕರ್ರಗಾಗುತ್ತದೆ. ರಾತ್ರಿ ಮೋಡ ಕಟ್ಟಿದರೆ ಎದ್ದು ತಾಡಪತ್ರಿ ಎಳೆಯಬೇಕು. "ಹಂಗಾಮ ಮುಗಿದ ಮ್ಯಾಲ?" ಎಂದೆ.

"ರೇಟ್ ನೋಡಿ ಹೇಳತೀನ್ರಿ."