ಮೆಮೊರಿ ಎಂದರೆ ಯಾವ ಮೆಮೊರಿ?



ಕೆಲವು ವರ್ಷಗಳ ಹಿಂದೆ ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳುತ್ತೇನೆ. ಒಂದು ಶಾಲೆಯ ಮುಖ್ಯ ಶಿಕ್ಷಕಿಯವರು ನನಗೆ ಫೋನ್ ಮಾಡಿದರು. "ಸರ್, ಲ್ಯಾಪ್‌ಟಾಪ್ ಬಹಳ ನಿಧಾನವಾಗಿದೆ. ಮೆಮೊರಿ ಸಾಲದು ಎಂದು ಪರದೆಯ ಮೇಲೆ ಬರುತ್ತಿದೆ. ಏನು ಮಾಡಲಿ?" ಎಂದರು. ನಾನು ಬಸ್ಸು ಹಿಡಿಯುವ ಅವಸರದಲ್ಲಿದ್ದೆ. "ಹಳೆಯ ಫೋಟೊಗಳನ್ನು ಅಳಿಸಿಬಿಡಿ ಮೇಡಂ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ" ಎಂದೆ. ಅವರು ಹಾಗೆಯೇ ಮಾಡಿದರು.

ಮುಂದಿನ ವಾರ ಆ ಶಾಲೆಗೆ ಹೋದೆ. ಲ್ಯಾಪ್‌ಟಾಪ್ ಮೊದಲಿನಷ್ಟೇ ನಿಧಾನವಾಗಿತ್ತು. ಆಗ ಆರನೆಯ ತರಗತಿಯ ಒಬ್ಬ ಹುಡುಗಿ, "ಸರ್, ವಿಜ್ಞಾನ ಪ್ರದರ್ಶನಕ್ಕೆ ನಾವು ಮಾಡಿದ್ದ ಹನಿ ನೀರಾವರಿ ಮಾದರಿಯ ಫೋಟೊ ತೋರಿಸಿ" ಎಂದಳು. ಮಾದರಿಯನ್ನು ಬಿಚ್ಚಿ ಬಹಳ ದಿನವಾಗಿತ್ತು. ಫೋಟೊ ಬೇರೆಲ್ಲೂ ಇರಲಿಲ್ಲ. ನಾನು ತಲೆ ತಗ್ಗಿಸಿದೆ.

ತಪ್ಪು ಆದದ್ದು ಎಲ್ಲಿ ಗೊತ್ತೆ? 'ಮೆಮೊರಿ' ಎಂಬ ಒಂದೇ ಪದವನ್ನು ನಾವು ಎರಡು ಬೇರೆ ಭಾಗಗಳಿಗೆ ಬಳಸುತ್ತೇವೆ.

ನಿಮ್ಮ ತರಗತಿಯನ್ನೇ ನೋಡಿ. ಲೆಕ್ಕ ಬಿಡಿಸುವುದು ಕಪ್ಪುಹಲಗೆಯ ಮೇಲೆ. ಪುಸ್ತಕಗಳನ್ನು ಇಡುವುದು ಬೀರುವಿನಲ್ಲಿ. ಲ್ಯಾಪ್‌ಟಾಪಿನ ಕಪ್ಪುಹಲಗೆಯೇ 'ರ್‍ಯಾಮ್'. ಸದ್ಯ ನಡೆಯುತ್ತಿರುವ ಕೆಲಸ ಮಾತ್ರ ಅಲ್ಲಿರುತ್ತದೆ. ಅದರೊಳಗಿನ ಕೋಟ್ಯಂತರ ಸೂಕ್ಷ್ಮ ಕೋಶಗಳಲ್ಲಿ ಮಾಹಿತಿಯು ವಿದ್ಯುದಾವೇಶವಾಗಿ ನಿಲ್ಲುತ್ತದೆ. ಈ ಆವೇಶ ಸೋರಿಹೋಗುವುದರಿಂದ ಪ್ರತಿ ಸೆಕೆಂಡಿಗೆ ಹಲವು ಬಾರಿ ಮತ್ತೆ ತುಂಬಬೇಕು. ವಿದ್ಯುತ್ ನಿಂತರೆ ಎಲ್ಲವೂ ಅಳಿಯುತ್ತದೆ. ಸೇವ್ ಮಾಡದ ಕೆಲಸ ಕಳೆದುಹೋಗುವುದು ಇದೇ ಕಾರಣಕ್ಕೆ.

ಬೀರು ಎಂದರೆ ಸಂಗ್ರಹಣೆ, ಅಂದರೆ 'ಸ್ಟೋರೇಜ್'. ಇದರಲ್ಲಿ ಎರಡು ಬಗೆ. 'ಹಾರ್ಡ್ ಡಿಸ್ಕ್'ನಲ್ಲಿ ತಿರುಗುವ ತಟ್ಟೆಗಳ ಮೇಲೆ ಕಾಂತೀಯ ಗುರುತುಗಳಾಗಿ ಮಾಹಿತಿ ಉಳಿಯುತ್ತದೆ. 'ಎಸ್‌ಎಸ್‌ಡಿ'ಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್ಪುಗಳು. ಆದ್ದರಿಂದ ಅದು ವೇಗವಾಗಿ ಕೆಲಸ ಮಾಡುತ್ತದೆ. ಎರಡರಲ್ಲೂ ಯಂತ್ರವನ್ನು ಆರಿಸಿದರೂ ಮಾಹಿತಿ ಉಳಿಯುತ್ತದೆ. ಇನ್ನು ಹಲಗೆಯ ಮುಂದೆ ನಿಂತು ಲೆಕ್ಕ ಮಾಡುವ ವಿದ್ಯಾರ್ಥಿಯೇ 'ಪ್ರೊಸೆಸರ್'.

ಹಲಗೆ ಚಿಕ್ಕದಾದರೆ ಏನಾಗುತ್ತದೆ? ಒಂದು ಲೆಕ್ಕವನ್ನು ಪುಸ್ತಕಕ್ಕೆ ಬರೆದುಕೊಂಡು, ಹಲಗೆ ಒರೆಸಿ, ಇನ್ನೊಂದು ಬರೆಯಬೇಕು. ಮತ್ತೆ ಮೊದಲನೆಯದು ಬೇಕಾದರೆ ಪುನಃ ಬರೆಯಬೇಕು. ಸಮಯವೆಲ್ಲ ಓಡಾಟದಲ್ಲೇ ಕಳೆಯುತ್ತದೆ. ಆ ಶಾಲೆಯ ಲ್ಯಾಪ್‌ಟಾಪಿನಲ್ಲೂ ಆದದ್ದು ಇದೇ. ಅದರ ರ್‍ಯಾಮ್ ಕೇವಲ 2 ಜಿಬಿ. ಹಾರ್ಡ್ ಡಿಸ್ಕ್ 500 ಜಿಬಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಮೊದಲೇ ಖಾಲಿ ಇತ್ತು! ಹಲಗೆ ಚಿಕ್ಕದಾಯಿತು ಎಂದು ನಾನು ಬೀರುವಿನ ಪುಸ್ತಕಗಳನ್ನು ಹೊರಗೆ ಎಸೆಸಿದ್ದೆ. ಬಳಿಕ ರಿಪೇರಿಯವರು 4 ಜಿಬಿಯ ಒಂದು ರ್‍ಯಾಮ್ ಪಟ್ಟಿಯನ್ನು ಸೇರಿಸಿದರು. ಲ್ಯಾಪ್‌ಟಾಪ್ ಚುರುಕಾಯಿತು. ಫೋಟೊ ಮಾತ್ರ ಮರಳಿ ಬರಲಿಲ್ಲ.

ಬೀರು ಪೂರ್ತಿ ತುಂಬಿದರೂ ಯಂತ್ರ ನಿಧಾನವಾಗಬಹುದು. ಆದ್ದರಿಂದ ಊಹೆ ಮಾಡದೆ ಪರೀಕ್ಷಿಸಿ ನೋಡಬೇಕು.

ನೀವೂ ಮಾಡಿ ನೋಡಿ: ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೆ, ಶಿಕ್ಷಕರ ಅನುಮತಿ ಪಡೆದು, ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. 'ಟಾಸ್ಕ್ ಮ್ಯಾನೇಜರ್' ತೆರೆಯುತ್ತದೆ. 'ಪರ್ಫಾರ್ಮೆನ್ಸ್' ವಿಭಾಗದಲ್ಲಿ 'ಮೆಮೊರಿ' ಎಂದು ಇರುವುದೇ ರ್‍ಯಾಮ್. ಅದರಲ್ಲಿ ಎಷ್ಟು ಬಳಕೆಯಾಗಿದೆ ಎಂದು ಬರೆದುಕೊಳ್ಳಿ. ಎರಡು ಮೂರು ಕಾರ್ಯಕ್ರಮಗಳನ್ನು ತೆರೆದು ಮತ್ತೆ ನೋಡಿ. ಸಂಖ್ಯೆ ಹೇಗೆ ಬದಲಾಯಿತು?

ಇನ್ನು ಮುಂದೆ ಯಾರಾದರೂ "ಮೆಮೊರಿ ಸಾಲದು" ಎಂದರೆ, "ಹಲಗೆಯೋ, ಬೀರುವೋ?" ಎಂದು ಮೊದಲು ಕೇಳಿ. ನಾನು ಅಂದು ಕೇಳಬೇಕಾಗಿದ್ದ ಪ್ರಶ್ನೆ ಅದೇ.