ಹಾನ್ಲೆಯ ಕತ್ತಲಲ್ಲಿ

ಲೇಹ್‌ನಿಂದ ಸಿಂಧೂ ನದಿಯ ದಂಡೆ ಹಿಡಿದು ಹೊರಟ ನಾವು ಹಾನ್ಲೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಹೊಸಕೋಟೆಯ ಮನೆ ಬಿಟ್ಟು ಅದು ಐದನೆಯ ದಿನ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಗುಡ್ಡದ ನೆತ್ತಿಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಹಿಮಾಲಯನ್ ಚಂದ್ರ ದೂರದರ್ಶಕದ ಗುಮ್ಮಟ ಮೆಲ್ಲಗೆ ತಿರುಗಿತು.

ಅದನ್ನು ನಡೆಸುವವರು ಕೂತಿರುವುದು ನಮ್ಮ ಹೊಸಕೋಟೆಯಲ್ಲಿ! ಅಲ್ಲಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಆವರಣದಿಂದ ಹೊರಟ ರೇಡಿಯೊ ಸಂಕೇತ ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಏರಿ, ಮತ್ತೆ ಅಷ್ಟೇ ದೂರ ಇಳಿದು ಇಲ್ಲಿಗೆ ಬರುತ್ತದೆ. ನನಗೆ ಐದು ದಿನ ಹಿಡಿದದ್ದು, ಅಷ್ಟೆಲ್ಲ ಸುತ್ತು ಹಾಕಿದರೂ ಅದಕ್ಕೆ ಕಾಲು ಸೆಕೆಂಡು.

ನಮಗೆ ಇರಲು ಕೋಣೆ ಕೊಟ್ಟಿದ್ದ ಆಚೆ-ಲೇ (ಲಡಾಖಿನಲ್ಲಿ ಅಕ್ಕನನ್ನು ಹೀಗೆ ಕರೆಯುತ್ತಾರೆ) ಊಟವಾದ ಮೇಲೆ ಅಂಗಳಕ್ಕೆ ಕರೆದರು. “ಟಾರ್ಚ್ ಹಚ್ಚಬೇಡಿ ತಮ್ಮಾ, ಕಣ್ಣಿಗೆ ಕತ್ತಲು ಒಗ್ಗಲಿ,” ಎಂದು ಹಿಂದಿಯಲ್ಲಿ ಹೇಳಿದರು. ಕತ್ತಲನ್ನು ಕಾಪಾಡುವುದು ಈ ಊರವರಿಗೆ ನೇಮದ ಹಾಗೆ.

ಪೂರ್ವದಲ್ಲಿ ಕೃತ್ತಿಕೆ ಎದ್ದಿತ್ತು. ಅದರ ಬೆಳಕು ಅಲ್ಲಿಂದ ಹೊರಟು ಸುಮಾರು 440 ವರ್ಷ. ಹಂಪೆ ಹಾಳಾಗಿ ಆಗಿನ್ನೂ ಎರಡು ದಶಕವಾಗಿತ್ತಷ್ಟೆ. ಇನ್ನಷ್ಟು ಹೊತ್ತಿಗೆ ವೃಷಭದ ಕೊಂಬಿನ ತುದಿ ಮೇಲೆ ಬಂತು. ಬರಿಗಣ್ಣಿಗೆ ಕಾಣದ ಏಡಿ ನೀಹಾರಿಕೆ ಇರುವುದು ಅದರ ಬಳಿಯೇ, ಸುಮಾರು 6,500 ಜ್ಯೋತಿರ್ವರ್ಷ ದೂರ. ಅಲ್ಲಿಂದ ರೇಡಿಯೊ ಅಲೆ, ಕಣ್ಣಿನ ಬೆಳಕು, ಎಕ್ಸ್-ರೇ, ಗಾಮಾ ಕಿರಣ ಎಲ್ಲವೂ ಹೊರಡುತ್ತವೆ. ಶಕ್ತಿಯಲ್ಲಿ ಅಜಗಜಾಂತರ, ಆದರೆ ಶೂನ್ಯದಲ್ಲಿ ಎಲ್ಲಕ್ಕೂ ಒಂದೇ ವೇಗ: ಸೆಕೆಂಡಿಗೆ 2,99,792.458 ಕಿ.ಮೀ.

ಈ ವೇಗವನ್ನು ಯಾವುದೂ ಮೀರುವುದಿಲ್ಲ ಎಂದು ಶಾಲೆಯಲ್ಲಿ ಕಲಿತಿದ್ದೆ. ‘ಶೂನ್ಯದಲ್ಲಿ’ ಎಂಬ ಮಾತಿನ ತೂಕ ಗೊತ್ತಾದದ್ದು ಹಾನ್ಲೆಯಲ್ಲೇ. ಗಾಳಿಯೊಳಗೆ ಬೆಳಕು ಸ್ವಲ್ಪ ನಿಧಾನಿಸುತ್ತದೆ. ಸಮುದ್ರಮಟ್ಟದಲ್ಲಿ ಸೆಕೆಂಡಿಗೆ ಸುಮಾರು 90 ಕಿ.ಮೀ. ಕಡಿಮೆ. ಗಾಮಾ ಕಿರಣವೊಂದು ವಾತಾವರಣಕ್ಕೆ ಬಡಿದಾಗ ಸಿಡಿಯುವ ಎಲೆಕ್ಟ್ರಾನುಗಳು ಅಷ್ಟು ನಿಧಾನಿಸುವುದಿಲ್ಲ. ಗಾಳಿಯಲ್ಲಿ ಬೆಳಕನ್ನೇ ಹಿಂದೆ ಹಾಕಿ ಓಡುತ್ತವೆ! ಆ ಓಟದಲ್ಲಿ ಒಂದು ನೀಲಿ ಮಿನುಗು ಹುಟ್ಟುತ್ತದೆ. 1934ರಲ್ಲಿ ರಷ್ಯಾದ ಪಾವೆಲ್ ಚೆರೆಂಕೋವ್ ದ್ರವಗಳಲ್ಲಿ ಇಂಥದೇ ಮಸುಕು ನೀಲಿಯನ್ನು ಕಂಡರು. ಅದಕ್ಕಾಗಿ ಅವರು ಕಣ್ಣು ಪಳಗುವ ತನಕ ಕತ್ತಲ ಕೋಣೆಯಲ್ಲಿ ಕಾದು ಕೂರುತ್ತಿದ್ದರು. ಆಚೆ-ಲೇ ನನ್ನನ್ನು ಕೂರಿಸಿದ್ದೂ ಹಾಗೆಯೇ.

ಆಕಾಶದ ಮಿನುಗಿನ ಆಯುಸ್ಸು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು. ಅಂಥ ಒಂದು ಪಾಲಿನಲ್ಲಿ ಬೆಳಕು ಸಾಗುವುದು ಶಾಲಾ ಸ್ಕೇಲಿನಷ್ಟು, 30 ಸೆಂ.ಮೀ. ಅದನ್ನು ಹಿಡಿಯಲೆಂದೇ ಊರಿನ ಆಚೆ ‘ಮೇಸ್’ ದೂರದರ್ಶಕ ನಿಂತಿದೆ. 21 ಮೀಟರ್ ಅಗಲ, 356 ಕನ್ನಡಿ ಫಲಕ. 2024ರ ಅಕ್ಟೋಬರಿನಲ್ಲಿ ಅದರ ಉದ್ಘಾಟನೆಯಾಯಿತು.

ನನ್ನ ಕಣ್ಣಿಗೆ ಆ ಮಿನುಗು ಕಾಣುವಂಥದಲ್ಲ. ಗೊತ್ತಿದ್ದೂ ತಲೆ ಎತ್ತಿಕೊಂಡೇ ಕೂತೆ. ಆಚೆ-ಲೇ ಬೆಣ್ಣೆ ಚಹಾದ ಬಟ್ಟಲನ್ನು ಕತ್ತಲಲ್ಲೇ ತಡವಿ ನನ್ನ ಕೈಗಿಟ್ಟರು.