ಮೂಕವೇದನೆ

ಮನುಷ್ಯನು ತನ್ನ ನೋವನ್ನು ಬಾಯಿಬಿಟ್ಟು ಹೇಳಬಲ್ಲನು. ಕುದುರೆಗೆ ಆ ಭಾಗ್ಯವಿಲ್ಲ. ಅದು ಕುಂಟುತ್ತದೆ, ಅಷ್ಟೆ. ಕುಂಟುವುದೇ ಅದರ ಮಾತು. ಆ ಮಾತನ್ನು ಅರ್ಥಮಾಡಿಕೊಳ್ಳಬೇಕಾದವನು ಪಶುವೈದ್ಯ.

ವೈದ್ಯನು ಮೊದಲು ಕುದುರೆಯನ್ನು ಗಟ್ಟಿನೆಲದ ಮೇಲೆ ನಡೆಸಿ, ಓಡಿಸಿ ನೋಡುತ್ತಾನೆ. ನೋಯುವ ಮುಂಗಾಲು ನೆಲಕ್ಕೆ ತಾಗಿದಾಗ ಕುದುರೆಯು ತಲೆಯನ್ನು ಮೇಲೆತ್ತುತ್ತದೆ. ಒಳ್ಳೆಯ ಕಾಲನ್ನು ಊರಿದಾಗ ತಲೆ ತಗ್ಗುತ್ತದೆ. ಹೀಗೆ ಕಾಲಿನ ಗುಟ್ಟನ್ನು ತಲೆಯೇ ಹೊರಗೆಡಹುತ್ತದೆ. ಆಮೇಲೆ ಗೊರಸನ್ನು ಎತ್ತಿ, ಇಕ್ಕಳದಿಂದ ಅಲ್ಲಲ್ಲಿ ಒತ್ತಿ ಪರೀಕ್ಷಿಸುತ್ತಾನೆ. ನೆಟ್ಟ ಮೊಳೆಯೋ ಒಳಗೆ ಕಟ್ಟಿದ ಕೀವೋ ಕಾರಣವಾಗಿದ್ದರೆ ಕುದುರೆಯು ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುವುದುಂಟು. ಅಲ್ಲಿ ದೋಷ ಕಾಣದಿದ್ದರೆ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ನರದ ಬಳಿ ಮರಗಟ್ಟಿಸುವ ಮದ್ದನ್ನು ಚುಚ್ಚುತ್ತಾನೆ. ಯಾವ ಚುಚ್ಚುಮದ್ದಿನಿಂದ ಕುಂಟು ಮರೆಯಾಗುವುದೋ, ನೋವಿನ ನೆಲೆ ಸಾಮಾನ್ಯವಾಗಿ ಅದರ ಕೆಳಗೇ ಇರುತ್ತದೆ.

ಜರ್ಮನಿಯ ರಾಂಟ್‌ಜನ್ ೧೮೯೫ರಲ್ಲಿ ಕಂಡುಹಿಡಿದ ಕ್ಷ-ಕಿರಣವು ಆ ನೆಲೆಯನ್ನು ಬೆಳಗುತ್ತದೆ. ಚಿತ್ರದಲ್ಲಿ ಮೂಳೆಯು ಗೆದ್ದಲು ತಿಂದ ತೊಲೆಯಂತೆ ಕಂಡರೆ, ಅಂಚಿನಲ್ಲಿ ಹೊಸ ಮೂಳೆಯು ಅಡ್ಡಾದಿಡ್ಡಿಯಾಗಿ ಬೆಳೆದಿದ್ದರೆ, ವೈದ್ಯನ ಮುಖ ಗಂಭೀರವಾಗುತ್ತದೆ. ಇದು ಮೂಳೆಯ ಕ್ಯಾನ್ಸರ್ ಇರಬಹುದು. ಆದರೂ ಅವನು ಹಾಗೆಂದು ನುಡಿಯುವುದಿಲ್ಲ. ಸೋಂಕು ತಗುಲಿದ ಮೂಳೆಯೂ ಇಂಥದೇ ರೂಪವನ್ನು ತಾಳಬಲ್ಲದು. ಕುದುರೆಗಳಲ್ಲಿ ಮೂಳೆಯ ಕ್ಯಾನ್ಸರ್ ಬಹಳ ಅಪರೂಪ. ಬಂದರೂ ಕಾಲಿಗಿಂತ ದವಡೆಯಲ್ಲೇ ಹೆಚ್ಚು. ಮೂಳೆಯ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ತೀರ್ಪು.

ಇಷ್ಟು ಎಚ್ಚರವೇಕೆ? ಆ ತೀರ್ಪಿನ ಮೇಲೆ ಒಂದು ಜೀವವು ನಿಂತಿದೆ. ನಾಯಿಯು ಒಂದು ಕಾಲನ್ನು ಕಳೆದುಕೊಂಡರೂ ಮೂರು ಕಾಲಿನಲ್ಲಿ ಓಡಾಡೀತು. ಸುಮಾರು ೫೦೦ ಕಿಲೋ ತೂಗುವ ಕುದುರೆಗೆ ಅದು ಬಲು ಕಷ್ಟ. ೨೦೦೬ರ ಮೇ ತಿಂಗಳಲ್ಲಿ ಅಮೆರಿಕದ ಕೆಂಟಕಿ ಡರ್ಬಿಯನ್ನು ಗೆದ್ದ ಬಾರ್ಬಾರೋ ಎಂಬ ಕುದುರೆಯು, ಎರಡು ವಾರಗಳಲ್ಲಿ ಮತ್ತೊಂದು ಪಂದ್ಯದಲ್ಲಿ ಹಿಂಗಾಲನ್ನು ಮುರಿದುಕೊಂಡಿತು. ತಜ್ಞರು ಶಸ್ತ್ರಚಿಕಿತ್ಸೆ ಮಾಡಿ ತಿಂಗಳುಗಟ್ಟಲೆ ಆರೈಕೆ ಮಾಡಿದರು. ಆದರೆ ಉಳಿದ ಕಾಲುಗಳ ಗೊರಸುಗಳಿಗೂ ಬೇನೆ ಹತ್ತಿತು. ೨೦೦೭ರ ಜನವರಿಯಲ್ಲಿ ಅದಕ್ಕೆ ನೋವಿಲ್ಲದ ಸಾವನ್ನು ಕೊಡಬೇಕಾಯಿತು. ಮುರಿದ ಕಾಲಿನ ಗತಿಯೇ ಹೀಗಾದರೆ, ಕ್ಯಾನ್ಸರ್ ತಿಂದ ಕಾಲಿನ ಗತಿಯೇನು?

"ವಾಸಿಯಾಗುತ್ತದೆಯೇ, ಸ್ವಾಮಿ?" ಎಂದು ಸಾಕಿದವನು ಕೇಳುತ್ತಾನೆ. ಅವನ ಕೈ ಕುದುರೆಯ ಕೊರಳ ಮೇಲಿದೆ. ಅವಸರದ ಮಾತಿನಿಂದ, ಬರಿಯ ಮೊಳೆ ಚುಚ್ಚಿದ ಕುದುರೆಯು ಪ್ರಾಣ ಕಳೆದುಕೊಂಡೀತು. ಸುಳ್ಳು ಸಮಾಧಾನದಿಂದ, ಉಳಿಯಲಾರದ ಕುದುರೆಯು ದಿನಗಟ್ಟಲೆ ನರಳೀತು. ಸಂಶಯವಿರುವಷ್ಟು ಕಾಲ ತಾಳ್ಮೆ, ಸಂಶಯ ಕಳೆದ ಮೇಲೆ ಸತ್ಯ: ಮಾತು ಬಾರದ ಜೀವಕ್ಕೆ ವೈದ್ಯನು ಸಲ್ಲಿಸಬೇಕಾದ ಋಣ ಇದೇ.